ಲೆಕ್ಕಕ್ಕೆ ಸೇರದ ಹೂಗಳು

ಹೂವು ಎಡಕ್ಕೆ ಬಿತ್ತು.

ಒದ್ದೆ ಕಣಗಿಲೆ ಕಲ್ಲಿನ ಮೇಲಿಂದ ಜಾರಿದರೆ ಸದ್ದೇನೂ ಆಗುವುದಿಲ್ಲ. ಆದರೂ ಹೊಸ್ತಿಲ ಈಚೆ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದ ಮಾನಸಳಿಗೆ ಯಾರೋ ಎದುರಿಗೇ ಕದ ಹಾಕಿಕೊಂಡಂತಾಯಿತು. ಗರ್ಭಗುಡಿಯೊಳಗೆ ಅವಳ ಅಪ್ಪ ಮಹಾಲಿಂಗಯ್ಯ ಬೆನ್ನು ತಿರುಗಿಸಿಕೊಂಡೇ ಇದ್ದರು.

"ಆಯ್ತಲ್ಲ ಕಣಮ್ಮ. ಸ್ವಾಮಿ ಬ್ಯಾಡ ಅಂದ್ಬುಟ್ಟ" ಎಂದರು. ಬಿದ್ದ ಹೂವನ್ನು ನಿರ್ಮಾಲ್ಯದ ಬುಟ್ಟಿಗೆ ಹಾಕಿ, ಬಲಭುಜದ ಮೇಲೆ ಇನ್ನೂ ಅಂಟಿಕೊಂಡೇ ಇದ್ದ ಹೂವನ್ನು ಕೈಯಾರೆ ತೆಗೆದು, ದೀಪದ ಬತ್ತಿ ಸರಿಮಾಡತೊಡಗಿದರು.

ಕೊರಟಗೆರೆಗೂ ಮಧುಗಿರಿಗೂ ನಡುವಿನ ಆ ಊರಿನಲ್ಲಿ ವೀರಭದ್ರಸ್ವಾಮಿಯನ್ನು ಕೇಳದೆ ಯಾರೂ ದೊಡ್ಡ ಕೆಲಸಕ್ಕೆ ಕೈ ಹಾಕುವುದಿಲ್ಲ. ಸೋಮವಾರ ಮತ್ತು ಮಂಗಳವಾರ ಸುತ್ತಲ ಹಳ್ಳಿಗಳಿಂದ ಜನ ಬರುತ್ತಾರೆ. ಬೋರ್‌ವೆಲ್ ಎಲ್ಲಿ ಕೊರೆಸಲಿ, ಈ ಗಂಡು ಆಗುತ್ತದೆಯೇ, ಅಂಗಡಿ ಸಿರಾದಲ್ಲಿ ಹಾಕಲೋ ಇಲ್ಲೇ ಹಾಕಲೋ. ಅಯ್ಯನವರು ಸ್ವಾಮಿಯ ಎರಡೂ ಭುಜಗಳ ಮೇಲೆ ನೀರಲ್ಲಿ ಅದ್ದಿದ ಒಂದೊಂದು ಹೂ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಕೇಳಿ ಕೈಮುಗಿದು ನಿಲ್ಲುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಜನ ಇದನ್ನು ಪ್ರಸಾದ ಆಗುವುದು ಎನ್ನುತ್ತಾರೆ. ಮೂರು ತಲೆಮಾರಿನಿಂದ ಆ ಹೂಗಳನ್ನು ಅಂಟಿಸುತ್ತ ಬಂದದ್ದು ಮಾನಸಳ ಮನೆಯವರೇ.

ಆ ದಿನ ಕೇಳಿದ್ದು ಇಷ್ಟೇ: ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿರುವ ಮಗಳನ್ನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದಲು ಮೈಸೂರಿಗೆ ಕಳಿಸಬಹುದೇ.

ಅವಳು ಅಳಲಿಲ್ಲ, ಜಗಳ ಆಡಲಿಲ್ಲ. ಗಿಂಡಿಯನ್ನು ಕಟ್ಟೆಯ ಮೇಲಿಟ್ಟು ಮನೆಗೆ ಹೋಗಿ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಅವರೆಕಾಳು ಹಿದುಕಿದಳು. ಅಮ್ಮ ದಾಕ್ಷಾಯಣಮ್ಮ ಮುಖ ನೋಡಿಯೇ ತಿಳಿದುಕೊಂಡು, "ಮಧುಗಿರೀಲೇ ಬಿ.ಎಡ್. ಮಾಡೀಯಂತೆ ಬುಡು. ಸಾಯಂಕಾಲಕ್ಕೆ ಮನೇಗೆ ಬಂದ್ಬುಡ್ಬೌದು" ಎಂದರು. ಸಾಯಂಕಾಲಕ್ಕೆ ಮನೆಗೆ ಬಂದುಬಿಡುವುದೇ ಬದುಕಿನ ಗುರಿ ಎಂಬಂತೆ ಹೇಳಿದರಲ್ಲ ಎಂದು ಮಾನಸಳಿಗೆ ನಗು ಬಂತು. ನಗಲೂ ಇಲ್ಲ.

*

ಸಂಖ್ಯಾಶಾಸ್ತ್ರ ಅವಳು ಆಸೆಪಟ್ಟು ಆರಿಸಿಕೊಂಡ ವಿಷಯವಲ್ಲ. ಮಧುಗಿರಿಯ ಕಾಲೇಜಿಗೆ ಸೇರಿದ ದಿನ ಕಂಪ್ಯೂಟರ್ ಸೈನ್ಸ್ ಸೀಟು ತುಂಬಿಹೋಗಿತ್ತು. ಕೌಂಟರಿನಲ್ಲಿ ಕೂತಿದ್ದವರು "ಸ್ಟ್ಯಾಟಿಸ್ಟಿಕ್ಸ್ ಇದೆ, ಬೇಕಾ?" ಎಂದು ಕೇಳಿದ್ದರು, ಸಂತೆ ಮುಗಿದ ಮೇಲೆ ಉಳಿದ ಸೊಪ್ಪನ್ನು ಕೊಡುವವರ ಹಾಗೆ. ಮೊದಲ ಸೆಮಿಸ್ಟರಿಡೀ ಅವಳಿಗೆ ಅದು ಕೂಡಿ, ವರ್ಗ ಮಾಡಿ, ಭಾಗಿಸಿ, ಮತ್ತೆ ವರ್ಗಮೂಲ ತೆಗೆಯುವ ಶಿಕ್ಷೆಯಾಗಿತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳಿಗೆ ಪುಸ್ತಕದ ಇಂಗ್ಲಿಷು ಒಂದು ಬೆಟ್ಟ, ಸೂತ್ರಗಳು ಅದರ ಮೇಲಿನ ಕೋಟೆ. ಮೊದಲ ಟೆಸ್ಟಿನಲ್ಲಿ ಫೇಲಾದವರ ಸಾಲಿನಲ್ಲಿ ಅವಳಿದ್ದಳು, ಸಿರಾದಿಂದ ಬರುತ್ತಿದ್ದ ಅತಿಯಾ ಇದ್ದಳು, ಪಾವಗಡದ ಕಡೆಯ ತಿರುಮಣಿಯ ರಂಗೇಶ್ ಇದ್ದ. ಫೇಲಾದ ಮೂವರೂ ಕಾಲೇಜಿನ ಹಿಂದಿನ ಹೊಂಗೆ ಮರದ ಕೆಳಗೆ ಒಬ್ಬರ ಡಬ್ಬಿಯ ಊಟ ಒಬ್ಬರು ಹಂಚಿಕೊಂಡು ಗೆಳೆಯರಾದರು.

ಅವಳ ಮನಸ್ಸು ತಿರುಗಿಸಿದ್ದು ಒಂದು ಬಸ್ಸು. ಪಾಠ ಹೇಳುತ್ತಿದ್ದ ಅಂಜನ್ ಕುಮಾರ್ ಅತಿಥಿ ಉಪನ್ಯಾಸಕರು. ಪ್ರತಿ ಜೂನಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಮನುಷ್ಯ. ಬೋರ್ಡಿನ ಮೇಲೆ ಎರಡು ಬಸ್ಸು ಬರೆದು ಕೇಳಿದ್ದರು: "ಎರಡೂ ಸರಾಸರಿ ಹತ್ತು ನಿಮಿಷ ತಡ. ಒಂದು ದಿನಾ ಹತ್ತೇ ನಿಮಿಷ ತಡ. ಇನ್ನೊಂದು ಒಂದಿನ ಸರಿಯಾಗಿ ಬರುತ್ತೆ, ಒಂದಿನ ಇಪ್ಪತ್ತು ನಿಮಿಷ ತಡ. ಯಾವುದನ್ನ ನಂಬ್ತೀರಿ?" ಕ್ಲಾಸು ಮೊದಲನೆಯದು ಎಂದಿತು. "ಹಂಗಾದ್ರೆ ನಿಮ್ಮನ್ನ ರಸ್ತೇಲಿ ನಿಲ್ಲಿಸೋದು ಸರಾಸರಿ ಅಲ್ಲ. ಚದುರುವಿಕೆ. ಅದುನ್ನ ಅಳೆಯೋಕೇ ಈ ಸಿಗ್ಮಾ" ಎಂದು ಅವರು ಹೇಳಿದಾಗ, ಪಿಯುಸಿಯ ಎರಡು ವರ್ಷ ಕೊರಟಗೆರೆ ರಸ್ತೆಯಲ್ಲಿ ಬಸ್ಸಿಗೆ ಕಾದಿದ್ದ ಮಾನಸಳಿಗೆ ತನ್ನ ಕಾಯುವಿಕೆಗೂ ಒಂದು ಗ್ರೀಕ್ ಅಕ್ಷರ ಇದೆ ಎಂದು ಮೈ ಜುಮ್ಮೆಂದಿತು. ಆಮೇಲೆ ಅವಳು ಹಿಂದೆ ನೋಡಲಿಲ್ಲ. ಎಲ್ಲರಿಗೂ ಗೊತ್ತು ಅನ್ನಿಸುವುದನ್ನು ಒಮ್ಮೆ ಎಣಿಸಿ ನೋಡೋಣ ಎಂಬ ಆ ವಿದ್ಯೆಯ ಹಟ ಅವಳಿಗೆ ಹಿಡಿಸಿಬಿಟ್ಟಿತು.

ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟು ಇತ್ತು. ತಾವೇ ಏನನ್ನಾದರೂ ಎಣಿಸಿ, ಒಂದು ಊಹೆಯನ್ನು ಪರೀಕ್ಷೆಗೆ ಹಚ್ಚಬೇಕು. ರಂಗೇಶ್ ತಮ್ಮೂರಿನ ಸೋಲಾರ್ ಫಲಕಗಳ ಕೆಳಗಿನ ನೆಲ ಎಷ್ಟು ತಣ್ಣಗಿರುತ್ತದೆ ಎಂದು ಅಳೆಯುವುದಾಗಿ ಹೇಳಿದ. ಅತಿಯಾ ತನ್ನ ಅಬ್ಬಾ ನಬೀ ಸಾಬ್‌ರ ಬಳೆ ಅಂಗಡಿಯಲ್ಲಿ ಹೆಂಗಸರು ಯಾವ ಬಣ್ಣ ಕೇಳುತ್ತಾರೆ ಎನ್ನುವುದನ್ನು ಎತ್ತಿಕೊಂಡಳು. ಮಾನಸಳ ಸರದಿ ಬಂದಾಗ ಅವಳು ಎದ್ದು ನಿಂತು, "ಸಾರ್, ನಮ್ಮ ಗುಡೀಲಿ ಹೂ ಪ್ರಸಾದ ಬಲಕ್ಕೆ ಬೀಳುತ್ತೋ ಎಡಕ್ಕೋ ಅಂತ ಎಣಿಸ್ತೀನಿ" ಎಂದಳು.

ಕ್ಲಾಸಿನಲ್ಲಿದ್ದ ಆರು ಜನ ತಿರುಗಿ ನೋಡಿದರು.

"ಏಮಮ್ಮಾ, ದೇವುಡಿಗೇ ಪರೀಕ್ಷೆನಾ?" ಎಂದ ರಂಗೇಶ್. "ಫೇಲಾದ್ರೆ ಸಪ್ಲಿಮೆಂಟರಿ ಕಟ್ಟಿಸ್ತೀಯಾ?"

"ದೇವರಿಗಲ್ಲ, ಹೂವಿಗೆ."

ಅಂಜನ್ ಕುಮಾರ್ ನಗಲಿಲ್ಲ. ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸಿದರು. "ನಿನ್ನ ನಲ್ ಹೈಪಾಥಿಸಿಸ್, ಅಂದ್ರೆ ಪರೀಕ್ಷೆಗೆ ಹಚ್ಚೋ ಊಹೆ, ಏನು?"

"ಎಡ ಬಲ ಎರಡಕ್ಕೂ ಸಮ ಅವಕಾಶ ಸಾರ್. ನಾಣ್ಯ ಚಿಮ್ಮಿದ ಹಂಗೆ."

"ಯಾಕೆ ಹಂಗನ್ಕೊಂಡೆ?"

ಯಾಕೆಂದರೆ ಅದು ನಾಣ್ಯ ಎಂದು ಗೊತ್ತಾದರೆ ನಾನು ಮೈಸೂರಿಗೆ ಹೋಗಬಹುದು. ಅದನ್ನು ಅವಳು ಹೇಳಲಿಲ್ಲ. ನಾಣ್ಯ ಎಡಕ್ಕೆ ಬಿದ್ದಿತೆಂದು ಯಾರೂ ಮಗಳ ಓದು ನಿಲ್ಲಿಸುವುದಿಲ್ಲ. ಒಂದು ಕಾಗದದ ಮೇಲೆ ಅರ್ಧಕ್ಕರ್ಧ ಎಂದು ತೋರಿಸಿದರೆ ಅಪ್ಪಾಜಿ ಏನು ಹೇಳಿಯಾರು? ಅವಳು ಮನಸ್ಸಿನಲ್ಲೇ ಎಷ್ಟೋ ಸಲ ಆ ಕಾಗದವನ್ನು ಅವರ ಮುಂದೆ ಹಿಡಿದಿದ್ದಳು.

"ಸರಿ. ಊರಿನ ಹೆಸರು, ಗುಡಿ ಹೆಸರು ಎಲ್ಲೂ ಬರೀಬೇಡ. ಕೇಳೋಕೆ ಬಂದೋರ ಹೆಸರಂತೂ ಬೇಡ್ವೇ ಬೇಡ. ಬರೀ ಎಣಿಸು. ಎಣಿಸೋವಾಗ ಕೋಪ ಮಾಡ್ಕೋಬೇಡ" ಎಂದರು ಅಂಜನ್ ಕುಮಾರ್. ಕೋಪದ ವಿಷಯ ಅವರಿಗೆ ಹೇಗೆ ತಿಳಿಯಿತೋ.

*

ಎಣಿಸಲು ಅಪ್ಪಾಜಿ ಅಡ್ಡಿ ಮಾಡಲಿಲ್ಲ. "ಕಾಲೇಜಿಂದು ಅಂದ್ರೆ ಬರ್ಕೋ. ಸ್ವಾಮಿಗೆ ಮುಚ್ಚುಮರೆ ಏನೈತೆ" ಎಂದರು. ಅವಳು ಸೋಮವಾರ, ಮಂಗಳವಾರ ಬೆಳಿಗ್ಗೆ ಗರ್ಭಗುಡಿಯ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತು ಬಂದವರೆಲ್ಲರ ಪ್ರಸಾದ ಗುರುತು ಹಾಕಿಕೊಂಡಳು. ಬೇಸಿಗೆ ಮುಗಿಯುವ ಹೊತ್ತಿಗೆ ನೂರರ ಹತ್ತಿರ ಕುಟುಂಬಗಳಾಗಿದ್ದವು.

ಅವಳು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ ಆಯಿತು. ಬಲ, ಬಲ, ಬಲ. ಎಡ ಅಂತ ಬಂದದ್ದು ಕೈಬೆರಳಲ್ಲಿ ಎಣಿಸುವಷ್ಟು. ಸಿರಾದ ಗಂಡಿಗೆ ಮಗಳನ್ನು ಕೊಡಬೇಕೆಂದಿದ್ದ ದೊಡ್ಡರಂಗಪ್ಪನಿಗೆ ಬಲ. ಬುಕ್ಕಾಪಟ್ಟಣದ ಹತ್ತಿರ ಹೋಟೆಲು ಇಡುವವನಿಗೆ ಬಲ. ಬೋರ್‌ವೆಲ್ಲಿನವರಿಗಂತೂ ಎಲ್ಲರಿಗೂ ಬಲ.

ಪಿ-ವ್ಯಾಲ್ಯೂ ತೆಗೆದಾಗ ಕ್ಯಾಲ್ಕುಲೇಟರಿನ ಪರದೆಯ ಮೇಲೆ ಸೊನ್ನೆಗಳ ಸಾಲು ನಿಂತಿತು. ಬರಿಯ ನಾಣ್ಯವಾಗಿದ್ದರೆ ಇಂಥ ಫಲಿತಾಂಶ ಬರುವ ಸಂಭವ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅವಳ ಊಹೆ ಬಿದ್ದುಹೋಗಿತ್ತು.

ಹೊಂಗೆ ಮರದ ಕೆಳಗೆ ರಂಗೇಶ್ ಕಾಗದ ನೋಡಿ ಸಿಳ್ಳೆ ಹಾಕಿದ. "ಅಬ್ಬಬ್ಬಾ. ದೇವುಡು ಎಲ್ಲಾರ್ಕೂ ಓಕೆ ಅಂತಾನೆ, ನಿನ್ನೊಬ್ಬಳ್ನ ಬಿಟ್ಟು. ನೀನೇನು ಪಾಪ ಮಾಡಿದ್ಯಮ್ಮಾ?"

ಅವನು ತಮಾಷೆಗೆ ಅಂದದ್ದು. ಆದರೆ ಮಾನಸ ಡಬ್ಬಿಯ ಮುಚ್ಚಳ ಹಾಕಿ ಎದ್ದುಹೋದಳು. ಹೂವು ನಾಣ್ಯ ಎಂದು ತೋರಿಸಲು ಹೊರಟವಳಿಗೆ, ಅದು ನಾಣ್ಯವಲ್ಲ, ತನ್ನನ್ನು ಮಾತ್ರ ಬೇಡ ಎಂದ ಯಾರೋ ಅಲ್ಲಿದ್ದಾರೆ ಎಂದು ಅವಳದೇ ಲೆಕ್ಕ ಹೇಳಿಬಿಟ್ಟಿತ್ತು. ಅದಕ್ಕಿಂತ ಕೆಟ್ಟದಾದ ಇನ್ನೊಂದು ಯೋಚನೆಯೂ ಬಂತು. ಹೂ ಅಂಟಿಸುವುದು ಒಂದು ಕೈ. ಬಲಕ್ಕೆ ಸಡಿಲವಾಗಿ, ಎಡಕ್ಕೆ ಗಟ್ಟಿಯಾಗಿ ಅಂಟಿಸಲು ಎಷ್ಟು ಹೊತ್ತು ಬೇಕು? ಹಾಗಿದ್ದರೆ ಅವಳ ದಿನ ಆ ಕೈ ಏನು ಮಾಡಿತ್ತು?

ಅಂಜನ್ ಕುಮಾರ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಲೆಕ್ಕ ಸರಿಯಾಗಿದೆ. ಅದುಕ್ಕೇ ನಂಗೆ ಅನುಮಾನ. ಇಷ್ಟು ಒಂದೇ ಕಡೆ ಇರೋ ಡೇಟಾ ಬಂದ್ರೆ ನಾನು ಮೊದಲು ಜಗತ್ತನ್ನ ಅನುಮಾನಿಸಲ್ಲ, ಎಣಿಸಿದೋರನ್ನ ಅನುಮಾನಿಸ್ತೀನಿ. ಮುಂದಿನ ಸೋಮವಾರ ಇನ್ನೊಬ್ಬರ ಕೈಲಿ ಎಣಿಸು. ಆ ಗುಡೀನ ಯಾವತ್ತೂ ನೋಡದೇ ಇರೋರು ಬೇಕು."

"ನಾನು ಬರ್ತೀನಿ ಸಾರ್" ಎಂದಳು ಅತಿಯಾ. "ಬಳೆ ಎಣಿಸಿ ಎಣಿಸಿ ಕಣ್ಣು ನೋಯ್ತಾ ಇದೆ."

*

ಸೋಮವಾರ ಅತಿಯಾ ಮೊದಲ ಬಸ್ಸಿಗೆ ಬಂದಿಳಿದಳು. ದಾಕ್ಷಾಯಣಮ್ಮ ಅವಳಿಗೆ ಉಪ್ಪಿಟ್ಟು ಕೊಟ್ಟು, "ಬಿಸ್ಲಲ್ಲಿ ಕೂತ್ಕೋಬ್ಯಾಡ ಕಣಮ್ಮ, ಬಣ್ಣ ಕೆಡುತ್ತೆ" ಎಂದರು. ಅತಿಯಾ ಗುಡಿಯ ಮುಂದಿನ ಬೇವಿನ ಕಟ್ಟೆಯ ಮೇಲೆ ಸರದಿಗೆ ಕಾಯುತ್ತಿದ್ದ ಹೆಂಗಸರ ನಡುವೆ ಜಾಗ ಮಾಡಿಕೊಂಡಳು. ಅಲ್ಲಿಂದ ನೇರಕ್ಕೆ ಸ್ವಾಮಿಯ ಎರಡೂ ಭುಜ ಕಾಣುತ್ತಿದ್ದವು. ಮಾನಸ ಎಂದಿನಂತೆ ಕಂಬದ ಹತ್ತಿರ ನಿಂತಳು.

ಬಿಸಿಲೇರುವ ಹೊತ್ತಿಗೆ ಜನ ಕರಗಿದರು. ಗೆಳತಿಯರಿಬ್ಬರೂ ಕಟ್ಟೆಯ ಮೇಲೆ ಕಾಗದ ಹೋಲಿಸಿ ನೋಡಿದರು. ಮಾನಸಳದು ಹೆಚ್ಚುಕಡಿಮೆ ಎಲ್ಲ ಬಲ. ಅತಿಯಾಳದು ಅದರ ಎರಡರಷ್ಟು ಉದ್ದ, ಎಡ ಬಲ ಬೆರಕೆ.

"ಏನೇ ಇದು? ಬಂದಿದ್ದೇ ಇಷ್ಟು ಜನ. ಇಷ್ಟೊಂದು ಎಲ್ಲಿಂದ ಬಂತು?" ಎಂದಳು ಮಾನಸ.

"ಬಿದ್ದಿದ್ದೆಲ್ಲ ಬರ್ಕೊಂಡೆ. ನೀನು ಯಾಕೆ ಬರ್ಕೊಂಡಿಲ್ಲ? ಆ ಹಸಿರು ಶಲ್ಯದೋರ್ದು ಮೊದಲು ಎಡಕ್ಕೆ ಬಿತ್ತು."

"ಅದು ಪ್ರಸಾದ ಅಲ್ಲ ಕಣೇ. ತಾನಾಗಿ ಉದುರಿದ್ದು."

"ಅರೆ, ಎಲ್ಲಾ ತಾನಾಗೇ ತಾನೇ ಉದುರೋದು?"

"ಹಂಗಲ್ಲ. ಅವರು ಮನಸ್ಸಲ್ಲಿ ಸರಿಯಾಗಿ ಕೇಳ್ಕೊಂಡಿರ್ಲಿಲ್ಲ. ಅದುಕ್ಕೆ ಅಪ್ಪಾಜಿ ಬಿಡಿಸಿ ಇನ್ನೊಂದು ಸಲ ಕೇಳಿದ್ರು. ಆವಾಗ ಬಲಕ್ಕಾಯ್ತು."

"ಸರಿಯಾಗಿ ಕೇಳ್ಕೊಂಡಿರ್ಲಿಲ್ಲ ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

"ಎಡಕ್ಕೆ ಬಿತ್ತಲ್ಲ, ಅದುಕ್ಕೆ..."

ಅತಿಯಾ ಕಾದಳು. ಮಾನಸ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಳ್ಳುತ್ತಿದ್ದಳು.

ತೊಟ್ಟಿಲಲ್ಲಿದ್ದಾಗಿನಿಂದ ಅವಳು ಆ ಗುಡಿಯಲ್ಲಿ ಬೆಳೆದವಳು. ಎಡಕ್ಕೆ ಬಿದ್ದರೆ ಜನ "ಅದು ಜಾರ್ಬುಟ್ತು ಅಯ್ನೋರೇ" ಎನ್ನುತ್ತಾರೆ. "ಮಳೆ ಆದ್ಮೇಲೆ ಮಾಡ್ಬೌದಾ ಅಂತ ಕೇಳಿ" ಎನ್ನುತ್ತಾರೆ. ಅವರು ಎನ್ನದಿದ್ದರೆ ಅಪ್ಪಾಜಿಯೇ ಇನ್ನೊಂದು ಥರ ಕೇಳುತ್ತಾರೆ. ಒಬ್ಬರಿಗೆ ಒಂದು ಪ್ರಸಾದ, ಕೊನೆಗೆ ಆದದ್ದೇ ಪ್ರಸಾದ. ಅದಕ್ಕೆ ಮುಂಚೆ ಬಿದ್ದವು ಹೂಗಳೇ ಹೊರತು ಉತ್ತರಗಳಲ್ಲ. ಮನೆಯಲ್ಲಿ ಯಾರೂ ಅವನ್ನು ಯಾವತ್ತೂ ಲೆಕ್ಕಕ್ಕೆ ಹಿಡಿದವರಲ್ಲ, ಹಾಗಾಗಿ ಅವಳ ಕಣ್ಣಿಗೆ ಅವು ಬಿದ್ದೇ ಇರಲಿಲ್ಲ. ಪೂಜಾರಿಯ ಮಗಳಲ್ಲದ ಯಾರೂ ಮಾಡಲಾರದ ತಪ್ಪು. ಅವಳು ತಲೆಯ ಮೇಲೆ ಕೈ ಇಟ್ಟುಕೊಂಡು ನಗತೊಡಗಿದಳು.

"ನಗಬೇಡ. ಇನ್ನೊಂದು ವಿಷ್ಯ ಇದೆ" ಎಂದಳು ಅತಿಯಾ. "ಇಲ್ಲಿ ಕೂತಿದ್ರೆ ಎಲ್ಲಾ ಕೇಳಿಸುತ್ತೆ. ಒಬ್ಬೊಬ್ರೂ ಅವರ ಮನ್ಸಲ್ಲಿ ಏನಿದೆ ಅಂತ ಪಕ್ಕದೋರ ಹತ್ರ ಮೊದ್ಲೇ ಹೇಳ್ಕೊಂಡು ಒಳಗೆ ಹೋಗ್ತಾರೆ. ಆ ಮಂಡಿ ನೋವಿನ ಅಜ್ಜಿ ಇದ್ರಲ್ಲ..."

"ಲಕ್ಕಮ್ಮಜ್ಜಿ. ಆಪರೇಷನ್ ಮಾಡಿಸ್ಕೋಬೋದಾ ಅಂತ ಕೇಳಿದ್ರು. ಎಡಕ್ಕಾಯ್ತು. ಇವತ್ತಿಂದರಲ್ಲಿ ನಂಗೆ ಸಿಕ್ಕಿದ ಎಡ ಅದೊಂದೇ."

"ಮೊದಲು ಬಲಕ್ಕೆ ಬಿತ್ತು. ಅಜ್ಜೀನೇ, ಇನ್ನೊಂದ್ಸಲ ಕೇಳು ಅಯ್ನೋರೇ ಅಂದ್ರು. ಯಾಕೆ ಗೊತ್ತಾ? ಇಲ್ಲಿ ಕೂತು ನನ್ನ ಕೈ ಹಿಡ್ಕೊಂಡು ಏನಂದ್ರು ಅಂದ್ರೆ, ಮಗ ಮಾಡ್ಸು ಮಾಡ್ಸು ಅಂತ ಪ್ರಾಣ ತಿಂತವ್ನೆ ಕಣವ್ವ, ನಂಗೆ ಕೊಯ್ಸ್ಕೊಳಾಕೆ ದಿಗ್ಲು, ಸ್ವಾಮಿ ಬ್ಯಾಡ ಅಂದ್ರೆ ಸಾಕು. ಎಡಕ್ಕಾದ್ಮೇಲೆ ಎಷ್ಟು ಖುಷಿಯಾಗಿ ಕುಂಟ್ಕೊಂಡು ಹೋದ್ರು ಅಂತೀಯ."

ಆಮೇಲಿನ ವಾರಗಳಲ್ಲಿ ಇಬ್ಬರೂ ಹೊಸದಾಗಿ ಎಣಿಸಿದರು. ಬಿದ್ದ ಪ್ರತಿ ಹೂವೂ ಒಂದು ಲೆಕ್ಕ. ಎಡ ಬಲ ಅರ್ಧಕ್ಕರ್ಧದ ಹತ್ತಿರಕ್ಕೆ ಬಂದು ನಿಂತವು. ಅಪ್ಪಾಜಿಯ ಕೈ ನಿಷ್ಪಕ್ಷಪಾತಿ, ಹೂವೂ ನಿಷ್ಪಕ್ಷಪಾತಿ. ಅಂಜನ್ ಕುಮಾರ್ ಈ ಸಲ ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ನೇವರಿಸಿದರು, ಮಗುವಿನ ತಲೆ ನೇವರಿಸಿದ ಹಾಗೆ.

"ಈಗ ಇದು ಪ್ರಾಜೆಕ್ಟು. ನಿನ್ನ ಮೊದಲನೇ ಎಣಿಕೆಯನ್ನೂ ಇದರಲ್ಲಿ ಹಾಕು, ಹರಿದು ಬಿಸಾಕಬೇಡ. ಇದು ಹೂವಿನ ಲೆಕ್ಕ, ಅದು ಮನುಷ್ಯರ ಲೆಕ್ಕ. ಬೇಕಾದ ಉತ್ತರ ಬಂದ ತಕ್ಷಣ ನಿಲ್ಲಿಸೋದು ಗುಡೀಲಿ ಮಾತ್ರ ಅಲ್ಲ. ದೊಡ್ಡ ದೊಡ್ಡ ಲ್ಯಾಬುಗಳಲ್ಲೂ ಮಾಡ್ತಾರೆ. ಎಲ್ಲಿ ನಿಲ್ಲಿಸಿದ್ರು ಅಂತ ನೋಡಿದ್ರೆ, ನಿಲ್ಲಿಸಿದೋರಿಗೆ ಏನು ಬೇಕಿತ್ತು ಅಂತ ಗೊತ್ತಾಗುತ್ತೆ."

ಆ ಮಾತು ಮಾನಸಳ ಜೊತೆಯಲ್ಲೇ ಬಸ್ಸು ಹತ್ತಿತು. ಕಿಟಕಿಯ ಕಡೆ ಕೂತಿದ್ದಳು. ಮಧುಗಿರಿಯ ಬೆಟ್ಟ ಬೆನ್ನ ಹಿಂದೆ ಸರಿಯಿತು. ಎಲ್ಲಿ ನಿಲ್ಲಿಸಿದರು ಅಂತ ನೋಡಿದರೆ. ದೊಡ್ಡರಂಗಪ್ಪನಿಗೆ ಆ ಸಂಬಂಧ ಬೇಕಿತ್ತು, ಬಲಕ್ಕೆ ನಿಂತಿತು. ಲಕ್ಕಮ್ಮಜ್ಜಿಗೆ ಆಪರೇಷನ್ ಬೇಡವಾಗಿತ್ತು, ಎಡಕ್ಕೆ ನಿಂತಿತು. ಅವಳದು ಒಂದೇ ಹೂವಿಗೆ ನಿಂತಿತ್ತು. ಆ ದಿನ ಕೇಳಿದವರು ಯಾರು? ಅವಳಲ್ಲ. ಅವಳು ಎಣ್ಣೆ ಹಿಡಿದು ಸುಮ್ಮನೆ ನಿಂತಿದ್ದಳು. ಕೇಳಿದವರೂ ಅಪ್ಪಾಜಿಯೇ, ನಿಲ್ಲಿಸಿದವರೂ ಅಪ್ಪಾಜಿಯೇ.

ಕಂಡಕ್ಟರ್ ಊರಿನ ಹೆಸರು ಕೂಗಿದಾಗ ಅವಳಿಗೆ ಕೇಳಿಸಲಿಲ್ಲ. ಮುಂದಿನ ಸ್ಟಾಪಿನಲ್ಲಿಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದಳು.

*

ಗುಡಿಯಲ್ಲಿ ಯಾರೂ ಇರಲಿಲ್ಲ. ಮಹಾಲಿಂಗಯ್ಯ ಮಧ್ಯಾಹ್ನದ ಪೂಜೆ ಮುಗಿಸಿ ಮೆಟ್ಟಿಲ ಮೇಲೆ ಕೂತು ಆರತಿ ತಟ್ಟೆಯನ್ನು ಹುಣಿಸೆಹಣ್ಣಿನಿಂದ ಉಜ್ಜುತ್ತಿದ್ದರು. ಮಾನಸ ಬ್ಯಾಗನ್ನು ಕೆಳಗಿಟ್ಟು ಎರಡು ಮೆಟ್ಟಿಲ ಕೆಳಗೆ ಕೂತಳು.

"ಅಪ್ಪಾಜಿ, ನಂದು ಎಡಕ್ಕೆ ಬಿತ್ತಲ್ಲ. ಇನ್ನೊಂದು ಸಲ ಯಾಕೆ ಕೇಳ್ಲಿಲ್ಲ?"

ಉಜ್ಜುವ ಕೈ ನಿಂತಿತು. "ನೀನು ಕೇಳಿ ಅನ್ಲಿಲ್ವಲ್ಲ."

"ಹಸಿರು ಶಲ್ಯದೋರೂ ಅನ್ಲಿಲ್ಲ. ನೀವೇ ಕೇಳಿದ್ರಿ. ಎಷ್ಟೋ ಜನಕ್ಕೆ ನೀವೇ ಕೇಳ್ತೀರಿ. ನಾನು ಎಣಿಸಿದೀನಿ."

ಮಹಾಲಿಂಗಯ್ಯ ತಟ್ಟೆಯಲ್ಲಿ ಕಾಣುತ್ತಿದ್ದ ತಮ್ಮ ಮುಖವನ್ನು ನೋಡಿಕೊಂಡರು. "ಬಂದೋರ ಮಕ ನೋಡಿದ್ರೆ ಗೊತ್ತಾಗುತ್ತೆ ಕಣಮ್ಮ. ಆಸೆ ಇಟ್ಕೊಂಡು ಬಂದಿರ್ತಾರೆ. ಬಸ್ಸು ಹತ್ತಿ, ಬಿಸ್ಲಲ್ಲಿ ಕಾದು. ಒಂದು ಹೂವು ಇಂಗೆ ಬಿತ್ತು ಅಂತ ಅವರ್ನ ಹೆಂಗೆ ವಾಪಸ್ ಕಳಿಸ್ಲಿ? ಎಲ್ಡು ಸಲ ಕೇಳಿದ್ರೆ ಸ್ವಾಮಿ ಏನು ಬೇಜಾರ್ ಮಾಡ್ಕೊಳಲ್ಲ."

"ನನ್ನ ಮುಖ ನೋಡ್ಲಿಲ್ವಾ?"

ಅವರು ತಟ್ಟೆಯನ್ನು ಮೆಟ್ಟಿಲ ಮೇಲೆ ಬೋರಲು ಹಾಕಿದರು. ಬೇವಿನ ಮರದಲ್ಲಿ ಒಂದು ಅಳಿಲು ಕಿಚಗುಟ್ಟುತ್ತಿತ್ತು.

"ನೋಡ್ಲಿಲ್ಲ" ಎಂದರು ಕೊನೆಗೆ. "ನೋಡಿದ್ರೆ ಇನ್ನೊಂದ್ ಸಲ ಕೇಳ್ಬೇಕಾಗ್ತಿತ್ತು. ಎಡಕ್ಕೆ ಬಿದ್ದಾಗ ನಂಗೆ... ಸಮಾಧಾನ ಆಯ್ತು ಕಣಮ್ಮ. ಸದ್ಯ, ನಾನು ಬ್ಯಾಡ ಅನ್ಬೇಕಾಗಿಲ್ಲ, ಸ್ವಾಮೀನೇ ಅಂದ ಅಂತ."

ಮಾನಸ ಇದನ್ನೇ ಕೇಳಬೇಕೆಂದು ಬಂದಿದ್ದಳು. ಕೇಳಿದ ಮೇಲೆ ಸಿಟ್ಟು ಬರಬೇಕಿತ್ತು. ಬದಲಿಗೆ ಅಪ್ಪಾಜಿಯ ಕುತ್ತಿಗೆಯ ಹಿಂದೆ ವಿಭೂತಿ ಬೆವರಿಗೆ ಕರಗಿ ಗೆರೆಗೆರೆಯಾಗಿ ಇಳಿದಿರುವುದು ಕಂಡಿತು. ಇವರಿಗೆ ಇಷ್ಟು ವಯಸ್ಸಾಯಿತೇ ಅನ್ನಿಸಿತು.

ಮಹಾಲಿಂಗಯ್ಯ ಎದ್ದು ಒಳಗೆ ಹೋಗಿ ಬುಟ್ಟಿಯಿಂದ ಎರಡು ಹೂ ಆರಿಸಿ ಪಂಚಪಾತ್ರೆಯ ನೀರಿನಲ್ಲಿ ಅದ್ದಿದರು. ಹೊಸ್ತಿಲಿಗೆ ಬಂದು ನಿಂತು, "ಬಾ. ಕೈಕಾಲು ತೊಳ್ಕೊಂಡು ಬಾ. ಇನ್ನೊಂದ್ ಸಲ ಕೇಳಾನ" ಎಂದರು.

"ಬೇಡ ಅಪ್ಪಾಜಿ."

"ಯಾಕಮ್ಮ?"

"ಈಗ ಕೇಳಿದ್ರೆ ಬಲಕ್ಕೆ ಬರೋವರ್ಗೂ ಕೇಳ್ತೀರಿ. ಬಂದೇ ಬರುತ್ತೆ, ಅದುನ್ನ ಲೆಕ್ಕ ಹಾಕಿ ತೋರಿಸ್ಬಲ್ಲೆ. ನಂಗೆ ಹೂವು ಬೇಡ. ನೀವು ಹೇಳಿ."

"ನಾನಾ?"

ಎಷ್ಟು ಮನೆಗಳ ಮದುವೆ, ಎಷ್ಟು ಬಾವಿ, ಎಷ್ಟು ವ್ಯಾಜ್ಯ ಆ ಹೊಸ್ತಿಲಲ್ಲಿ ತೀರ್ಮಾನವಾಗಿದ್ದವೋ. ಅದ್ಯಾವುದರಲ್ಲೂ ಮಹಾಲಿಂಗಯ್ಯ ತಮ್ಮ ಬಾಯಿಂದ ಆಗಲಿ ಎಂದಾಗಲೀ ಬೇಡ ಎಂದಾಗಲೀ ಅಂದವರಲ್ಲ. ಅವರ ಕೆಲಸ ಕೇಳುವುದಾಗಿತ್ತು. ಹೂವಿನ ನೀರು ಮೊಣಕೈವರೆಗೆ ಇಳಿಯುತ್ತಿದ್ದರೂ ಅವರು ಹಾಗೇ ನಿಂತರು.

ಅಷ್ಟರಲ್ಲಿ ಬೈಕಿನಲ್ಲಿ ಒಬ್ಬ ಗಂಡ ಹೆಂಡತಿ ಬಂದಿಳಿದರು. ಗಂಡ ದೂರದಿಂದಲೇ, "ಅಯ್ನೋರೇ, ಒಂದು ಪ್ರಸಾದ ಕೇಳ್ಬೇಕಿತ್ತು" ಎಂದ.

"ಒಸಿ ಕೂತ್ಕಳಪ್ಪ ಅಲ್ಲಿ" ಎಂದರು ಮಹಾಲಿಂಗಯ್ಯ. ಬಂದವರನ್ನು ಅವರು ತಮ್ಮ ಸ್ವಂತ ಮಾತಿಗಾಗಿ ಕಾಯಿಸಿದ್ದನ್ನು ಮಾನಸ ಆವರೆಗೆ ನೋಡಿರಲಿಲ್ಲ. ಅವರು ಮೆಟ್ಟಿಲಿಳಿದು ಬಂದು ಮಗಳ ಪಕ್ಕದಲ್ಲೇ ಕೂತರು. ಹೂಗಳು ಇನ್ನೂ ಕೈಯಲ್ಲೇ ಇದ್ದವು.

"ನಂಗೆ ದಿಗಿಲು ಕಣಮ್ಮ."

"ಏನು ದಿಗಿಲು?"

"ಏನು ಅಂತ ಗೊತ್ತಿದ್ರೆ ಹೇಳ್ತಿದ್ದೆ. ನಾನು ತುಮಕೂರಿಂದ ಆಚೆ ಒಂದು ರಾತ್ರಿ ಉಳ್ದೋನಲ್ಲ. ನೀನು ಅಲ್ಲಿದ್ರೆ ಅಲ್ಲಿ ಹೆಂಗಿರ್ತೀಯ ಅಂತ ಅನ್ಕೊಳಾಕೂ ನಂಗೆ ಬರಲ್ಲ. ಮಕ ಕಣ್ಣಿಗೆ ಕಟ್ಟಲ್ಲ."

"ನಂಗೂ ದಿಗಿಲೇ ಅಪ್ಪಾಜಿ."

ಅವರು ತಿರುಗಿ ನೋಡಿದರು. ಇಷ್ಟು ದಿನ ಮಗಳಿಗೆ ಧೈರ್ಯ ಜಾಸ್ತಿ ಎಂದೇ ಅವರ ಸಂಕಟವಾಗಿತ್ತೇನೋ. "ನಿಂಗೂನಾ? ಮತ್ಯಾಕೆ ಹೋಯ್ತೀನಿ ಅಂತೀಯ?"

"ಕ್ಲಾಸಲ್ಲಿ ಮೊದಲನೇ ವರ್ಷ ಏನೂ ಅರ್ಥ ಆಗ್ತಿರ್ಲಿಲ್ಲ. ಅತಿಯಾ, ನಾನು, ರಂಗೇಶ ಮೂರು ಜನಾನೂ ಫೇಲು. ದಿನಾ ಬಸ್ಸು ಹತ್ತೋವಾಗ ಇವತ್ತೇ ಬಿಟ್ಟುಬಿಡೋಣ ಅನ್ಸೋದು. ಆಮೇಲೆ ಒಂದೊಂದಾಗಿ ಅರ್ಥ ಆಯ್ತು. ಈಗ ಅದುನ್ನ ಇಲ್ಲಿಗೇ ನಿಲ್ಲಿಸಿದ್ರೆ ಯಾರೋ ಕತೆ ಹೇಳ್ತಾ ಹೇಳ್ತಾ ಎದ್ದೋದಂಗೆ ಆಗುತ್ತೆ. ಅಷ್ಟೇ. ಬೇರೆ ಏನೂ ಕಾರಣ ಇಲ್ಲ."

ಕಟ್ಟೆಯ ಮೇಲೆ ಕೂತಿದ್ದ ಹೆಂಡತಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಗಂಡ ಕೆಮ್ಮಿದ. ಮಹಾಲಿಂಗಯ್ಯ ಆ ಕಡೆ ನೋಡಲಿಲ್ಲ. ಮಂತ್ರ ಹೇಳುವಾಗ ಊರ ಬಾಗಿಲವರೆಗೆ ಕೇಳಿಸುವ ಗಂಟಲು ಈಗ ಪಕ್ಕದವಳಿಗೂ ಕೇಳಿಸದಷ್ಟು ಸಣ್ಣಗಾಗಿತ್ತು.

"ಹಂಗಾದ್ರೆ ಹೋಗು" ಎಂದರು.

ಹೇಳಿ ಆದ ಮೇಲೆ ಆ ಮಾತು ತಮ್ಮದೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವವರಂತೆ ಕೈಯಲ್ಲಿದ್ದ ಹೂಗಳನ್ನು ನೋಡಿದರು. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಹೋಗು. ನಾನೇ ಹೇಳ್ತಾ ಇವ್ನಿ" ಎಂದರು.

ವಾದಕ್ಕೆಂದು ಮಾನಸ ಸಿದ್ಧಮಾಡಿಕೊಂಡದ್ದಿತ್ತು, ಜಗಳಕ್ಕೆಂದು ಮಾಡಿಕೊಂಡದ್ದಿತ್ತು. ಇದಕ್ಕೆ ಏನೂ ಮಾಡಿಕೊಂಡಿರಲಿಲ್ಲ. ಅವಳು ತಲೆಯಾಡಿಸಿದಳು.

ಮಹಾಲಿಂಗಯ್ಯ ಮೊಣಕಾಲಿಗೆ ಕೈ ಊರಿ ಎದ್ದರು. ಎರಡು ಮೆಟ್ಟಿಲು ಹತ್ತಿದವರು ನಿಂತು ಕೇಳಿದರು: "ಆ ಹಾಸ್ಟೆಲ್ನಾಗೆ ಬೆಳಿಗ್ಗೆ ಹೊತ್ತು ತಿನ್ನಾಕೆ ಏನು ಕೊಡ್ತಾರಂತೆ?"

"ಗೊತ್ತಿಲ್ಲ ಅಪ್ಪಾಜಿ."

"ಫೋನ್ ಮಾಡಿ ವಿಚಾರಿಸು. ನಿಮ್ಮಮ್ಮ ಮೊದ್ಲು ಅ‌ದುನ್ನೇ ಕೇಳೋದು" ಎಂದು ಹೇಳಿ, ಕಟ್ಟೆಯ ಮೇಲಿದ್ದವರನ್ನು ಕೈಬೀಸಿ ಕರೆಯುತ್ತ ಒಳಗೆ ಹೋದರು.